ಬೀಗಕ್ಕೆ ಕಾನೂನು ತಿಳಿಯದು

ಕಳೆದ ತಿಂಗಳು ನಮ್ಮ ಭಾಗದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ರಕ್ಷಕ-ಶಿಕ್ಷಕ ಸಂಘದ ಮಹಾಸಭೆ ನಡೆಯಿತು. ಸಭೆ ಮುಗಿದ ಬಳಿಕ ಮಕ್ಕಳಿಗೂ ಹೆತ್ತವರಿಗೂ ಕನ್ನಡದ ಒಂದು ಮಕ್ಕಳ ಚಲನಚಿತ್ರವನ್ನು ತೋರಿಸುವ ಏರ್ಪಾಡಿತ್ತು. ಊರವರ ದೇಣಿಗೆಯಿಂದ ಹಲವು ವರ್ಷಗಳ ಹಿಂದೆ ಖರೀದಿಸಿದ ಪ್ರೊಜೆಕ್ಟರ್, ಹಿರಿಯ ಶಿಕ್ಷಕರೊಬ್ಬರ ಲ್ಯಾಪ್‌ಟಾಪ್, ಅವರೇ ಹಣ ತೆತ್ತು ಪಡೆದ ಚಂದಾ. ಕದ್ದ ವಸ್ತು ಯಾವುದೂ ಅಲ್ಲಿರಲಿಲ್ಲ. ಕಿಟಕಿಗಳಿಗೆ ಬಟ್ಟೆ ಕಟ್ಟಿ ಕತ್ತಲೆ ಮಾಡಿದರು. ಮಕ್ಕಳು ಚಾಪೆಯ ಮೇಲೆ ಕುಳಿತರು. ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿತು, ಸ್ಪೀಕರಿನಿಂದ ಸಂಗೀತವೂ ಕೇಳಿಸಿತು. ಗೋಡೆಯ ಮೇಲಿನ ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಅದೇ ಪ್ರೊಜೆಕ್ಟರಿನಲ್ಲಿ ಪಾಠದ ಚಿತ್ರಗಳು ಚೆನ್ನಾಗಿಯೇ ಕಾಣಿಸುತ್ತಿದ್ದವು. ತಂತಿ ಬದಲಿಸಿದರೂ ಲ್ಯಾಪ್‌ಟಾಪನ್ನು ಆರಿಸಿ ಹಾಕಿದರೂ ಸಿನಿಮಾ ಮಾತ್ರ ಕಾಣಿಸಲೊಲ್ಲದು. ಕೊನೆಗೆ ಆ ಮಾಸ್ಟ್ರು ನನ್ನ ಕಡೆ ತಿರುಗಿ, "ವಕೀಲರೇ, ನಾವು ದುಡ್ಡು ಕೊಟ್ಟೇ ನೋಡುವುದಲ್ಲವೇ? ಇದರಲ್ಲಿ ಕಾನೂನಿನ ತೊಡಕು ಏನಾದರೂ ಉಂಟೇ?" ಎಂದು ಕೇಳಿದರು.

ಆ ಪ್ರಶ್ನೆಗೆ ಅಲ್ಲಿ ನಿಂತು ಒಂದು ಮಾತಿನಲ್ಲಿ ಉತ್ತರಿಸುವುದು ನನಗೆ ಸಾಧ್ಯವಾಗಲಿಲ್ಲ. ಈ ವಾರದ ಅಂಕಣವನ್ನು ಅದಕ್ಕಾಗಿಯೇ ಮೀಸಲಿಡುತ್ತೇನೆ.

ಮೊದಲು ಯಂತ್ರದ ವಿಚಾರ. ಇಂದಿನ ಲ್ಯಾಪ್‌ಟಾಪ್, ಟಿ.ವಿ., ಪ್ರೊಜೆಕ್ಟರುಗಳನ್ನು ಎಚ್‌ಡಿಎಂಐ ಎಂಬ ತಂತಿಯ ಮೂಲಕ ಜೋಡಿಸುತ್ತಾರೆ. ಆ ತಂತಿಯಲ್ಲಿ ಹರಿಯುವ ಚಿತ್ರವನ್ನು ನಡುದಾರಿಯಲ್ಲಿ ಯಾರೂ ನಕಲಿಸಬಾರದೆಂದು ಎಚ್‌ಡಿಸಿಪಿ ಎಂಬ ವ್ಯವಸ್ಥೆಯನ್ನು ಇಂಟೆಲ್ ಕಂಪನಿ ರೂಪಿಸಿತು. ಚಿತ್ರ ಕಳುಹಿಸುವ ಯಂತ್ರವು ಸ್ವೀಕರಿಸುವ ಯಂತ್ರವನ್ನು ಮೊದಲು ಒಂದು ಗುಟ್ಟಿನ ಸಂಕೇತ ಕೇಳುತ್ತದೆ. ಸರಿಯಾದ ಉತ್ತರ ಬಂದರೆ ಮಾತ್ರ ಚಿತ್ರವನ್ನು ಬಿಡುತ್ತದೆ, ಬಾರದಿದ್ದರೆ ತಡೆಹಿಡಿಯುತ್ತದೆ. ನಮ್ಮ ಶಾಲೆಯ ಹಳೆಯ ಪ್ರೊಜೆಕ್ಟರಿಗೆ ಆ ಸಂಕೇತ ಗೊತ್ತಿರಲಿಲ್ಲ, ಆದ್ದರಿಂದ ಪರದೆ ಕಪ್ಪಾಯಿತು. ಯಂತ್ರದ ದೃಷ್ಟಿಯಲ್ಲಿ ಮಾಸ್ಟ್ರು ಅನುಮಾನಾಸ್ಪದ ವ್ಯಕ್ತಿ.

ಕಾನೂನಿನ ದೃಷ್ಟಿಯಲ್ಲಿ ಅವರು ಯಾರು? ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣವು ಯಾವ ಯಾವ ಕಾರ್ಯಗಳು ಕೃತಿಸ್ವಾಮ್ಯದ ಉಲ್ಲಂಘನೆ ಅಲ್ಲವೆಂದು ಪಟ್ಟಿ ಮಾಡುತ್ತದೆ. ಅದರ (1)(ಜೆ) ಉಪಖಂಡದ ಪ್ರಕಾರ, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಅಂಗವಾಗಿ ಚಲನಚಿತ್ರವನ್ನು ತೋರಿಸುವುದು ಉಲ್ಲಂಘನೆಯಲ್ಲ. ಆದರೆ ಪ್ರೇಕ್ಷಕರು ಸಂಸ್ಥೆಯ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಹೆತ್ತವರು ಮತ್ತು ಪೋಷಕರು ಹಾಗೂ ಸಂಸ್ಥೆಯ ಚಟುವಟಿಕೆಗಳಿಗೆ ಸಂಬಂಧಪಟ್ಟವರು ಇಷ್ಟಕ್ಕೇ ಸೀಮಿತರಾಗಿರಬೇಕು. ಗಮನಿಸಿ: ಶಾಸನಕರ್ತರು ಹೆತ್ತವರನ್ನೂ ಮರೆಯದೆ ಅಲ್ಲಿ ಸೇರಿಸಿದ್ದಾರೆ. ಅಂದು ಆ ಕೊಠಡಿಯಲ್ಲಿ ಕುಳಿತಿದ್ದವರು ಅಕ್ಷರಶಃ ಆ ಪಟ್ಟಿಯವರೇ. ಚಂದಾ ನೀಡುವ ಕಂಪನಿಯ ಷರತ್ತುಗಳು ಬೇರೆ ವಿಷಯ. ಮನೆಯೊಳಗೆ ಮಾತ್ರ ನೋಡತಕ್ಕದ್ದು ಎಂದು ಅಂಥ ಕರಾರುಗಳಲ್ಲಿ ಬರೆದಿರುವುದುಂಟು, ಅದನ್ನು ಓದಿ ತಿಳಿಯುವುದು ಮಾಸ್ಟ್ರ ಜವಾಬ್ದಾರಿ. ಆದರೆ ಕರಾರಿನ ಮಾತು ಬೇರೆ, ಕೃತಿಸ್ವಾಮ್ಯ ಕಾಯಿದೆಯ ಮಾತು ಬೇರೆ. ಕಾಯಿದೆ "ತೋರಿಸಬಹುದು" ಎಂದಿತು. ತಂತಿಯೊಳಗಿನ ಬೀಗ "ಕೂಡದು" ಎಂದಿತು. ಕೊನೆಗೆ ನಡೆದದ್ದು ಬೀಗದ ಮಾತು.

ಇಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಕೃತಿಯ ಒಡೆಯನು ತನ್ನ ವಸ್ತುವಿಗೆ ತಾನೇ ಬೀಗ ಹಾಕಿಕೊಳ್ಳುವುದು ಮೊದಲನೆಯದು. ಆ ಬೀಗ ಒಡೆದವನನ್ನು ಕಾನೂನು ಶಿಕ್ಷಿಸುವುದು ಎರಡನೆಯದು. ಮಾರುಕಟ್ಟೆಗೆ ಬರುವ ಪ್ರತಿಯೊಂದು ಟಿ.ವಿ., ಟೇಪ್ ರೆಕಾರ್ಡರ್, ಕಂಪ್ಯೂಟರಿನೊಳಗೂ ಇಂಥ ಬೀಗ ಇರಲೇಬೇಕೆಂದು ಸರಕಾರವೇ ತಯಾರಕರಿಗೆ ಆಜ್ಞಾಪಿಸುವುದು ಮೂರನೆಯದು. ಮೊದಲ ಎರಡು ಇಂದು ಬಹುತೇಕ ಎಲ್ಲೆಡೆ ಜಾರಿಯಲ್ಲಿವೆ. ಮೂರನೆಯದರ ಕುರಿತು ಅಮೆರಿಕದಲ್ಲಿ ಸುಮಾರು ಮೂವತ್ತು ವರ್ಷ ದೊಡ್ಡ ಜಗ್ಗಾಟ ನಡೆಯಿತು. ಆ ಕಥೆ ತಿಳಿದರೆ ನಮ್ಮ ಶಾಲೆಯ ಕಪ್ಪು ಪರದೆಯ ಅರ್ಥವೂ ತಿಳಿಯುತ್ತದೆ.

1975ರಲ್ಲಿ ಸೋನಿ ಕಂಪನಿಯು ಬೀಟಾಮ್ಯಾಕ್ಸ್ ಎಂಬ ವೀಡಿಯೊ ರೆಕಾರ್ಡರನ್ನು ಮಾರುಕಟ್ಟೆಗೆ ತಂದಿತು. ಟಿ.ವಿ.ಯಲ್ಲಿ ಬರುವ ಕಾರ್ಯಕ್ರಮವನ್ನು ಮನೆಯಲ್ಲೇ ಮುದ್ರಿಸಿಕೊಂಡು, ಬಿಡುವಾದಾಗ ನೋಡಬಹುದು ಎಂಬುದು ಅದರ ಆಕರ್ಷಣೆ. ಮರುವರ್ಷವೇ ಯೂನಿವರ್ಸಲ್ ಮತ್ತು ಡಿಸ್ನಿ ಚಿತ್ರಸಂಸ್ಥೆಗಳು ಸೋನಿಯ ಮೇಲೆ ದಾವೆ ಹೂಡಿದವು. ಮನೆಯವರು ನಕಲು ಮಾಡುತ್ತಾರೆ, ಆ ನಕಲಿಗೆ ಯಂತ್ರ ಮಾಡಿದವನು ಹೊಣೆಗಾರ ಎಂಬುದು ಅವುಗಳ ವಾದ. 1979ರಲ್ಲಿ ಕೆಳಗಿನ ನ್ಯಾಯಾಲಯ ಸೋನಿಯ ಪರ ತೀರ್ಪಿತ್ತಿತು. 1981ರಲ್ಲಿ ಮೇಲ್ಮನವಿಯ ನ್ಯಾಯಾಲಯ ಅದನ್ನು ತಿರುಗಿಸಿತು. 1984ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ಮತ್ತೆ ಸೋನಿಯನ್ನೇ ಎತ್ತಿಹಿಡಿಯಿತು. ಕಾನೂನುಬದ್ಧವಾದ ಗಣನೀಯ ಉಪಯೋಗವಿರುವ ಯಂತ್ರವನ್ನು ಮಾರುವವನು, ಕೊಂಡವರಲ್ಲಿ ಕೆಲವರು ಅದನ್ನು ದುರುಪಯೋಗಪಡಿಸಿದ ಮಾತ್ರಕ್ಕೆ ಹೊಣೆಗಾರನಾಗುವುದಿಲ್ಲ ಎಂಬುದು ನ್ಯಾಯಮೂರ್ತಿ ಸ್ಟೀವನ್ಸ್ ಬರೆದ ತೀರ್ಪಿನ ಸಾರ. ಕತ್ತಿಯಿಂದ ತೆಂಗಿನಕಾಯಿಯನ್ನೂ ಒಡೆಯಬಹುದು, ತಲೆಯನ್ನೂ ಒಡೆಯಬಹುದು. ಅದಕ್ಕಾಗಿ ಕಮ್ಮಾರನನ್ನು ಕಟಕಟೆಗೆ ಏರಿಸುವುದಿಲ್ಲವಷ್ಟೆ.

ಈ ಮೊಕದ್ದಮೆಯಲ್ಲಿ ಹೆತ್ತವರಿಗೆ ಸಂಬಂಧಿಸಿದ ಒಂದು ಸಾಕ್ಷ್ಯವಿದೆ. ಫ್ರೆಡ್ ರೋಜರ್ಸ್ ಎಂಬವರು ಅಮೆರಿಕದ ಪುಟ್ಟ ಮಕ್ಕಳಿಗಾಗಿ ಟಿ.ವಿ. ಕಾರ್ಯಕ್ರಮ ನಡೆಸುತ್ತಿದ್ದವರು. ತಮ್ಮ ಕಾರ್ಯಕ್ರಮವನ್ನು ಮನೆಯವರು ಮುದ್ರಿಸಿಕೊಂಡು ತಮಗೆ ಅನುಕೂಲವಾದ ಹೊತ್ತಿನಲ್ಲಿ ಮಕ್ಕಳಿಗೆ ತೋರಿಸಿದರೆ ತಮಗೆ ಆಕ್ಷೇಪವಿಲ್ಲವೆಂದು ಅವರು ನ್ಯಾಯಾಲಯದಲ್ಲಿ ನುಡಿದರು. ಸುಪ್ರೀಂ ಕೋರ್ಟು ಆ ಮಾತನ್ನು ತೀರ್ಪಿನಲ್ಲಿ ಉಲ್ಲೇಖಿಸಿತು. ನಕಲನ್ನು ಸಂತೋಷದಿಂದ ಒಪ್ಪುವ ಕೃತಿಕಾರರೂ ಇರುತ್ತಾರೆ. ಎಲ್ಲ ಯಂತ್ರಗಳನ್ನೂ ನಿಷೇಧಿಸಿದರೆ ಅವರ ಇಚ್ಛೆಗೂ ಭಂಗ ಬರುತ್ತದೆ ಎಂಬುದು ಅದರ ತಾತ್ಪರ್ಯ.

ಮೊಕದ್ದಮೆ ನಡೆಯುತ್ತಿದ್ದಾಗಲೇ, 1982ರಲ್ಲಿ, ಚಿತ್ರೋದ್ಯಮದ ಸಂಘದ ಮುಖ್ಯಸ್ಥ ಜ್ಯಾಕ್ ವಲೆಂಟಿ ಸಂಸದೀಯ ಸಮಿತಿಯ ಮುಂದೆ, ಮನೆಯಲ್ಲಿ ಒಂಟಿಯಾಗಿರುವ ಹೆಂಗಸಿಗೆ ಕತ್ತು ಹಿಚುಕುವ ಕೊಲೆಗಡುಕ ಹೇಗೋ ತಮ್ಮ ಉದ್ಯಮಕ್ಕೆ ವೀಡಿಯೊ ರೆಕಾರ್ಡರ್ ಹಾಗೆ ಎಂದು ಹೇಳಿದ್ದರು. ಆಮೇಲೆ ನಡೆದದ್ದು ಬೇರೆ. ವೀಡಿಯೊ ಕ್ಯಾಸೆಟ್ಟಿನ ಮಾರಾಟ ಮತ್ತು ಬಾಡಿಗೆಯಿಂದಲೇ ಅದೇ ಚಿತ್ರಸಂಸ್ಥೆಗಳಿಗೆ ಚಿತ್ರಮಂದಿರದ ಗಳಿಕೆಯನ್ನು ಮೀರಿಸುವಷ್ಟು ಆದಾಯ ಬಂದಿತು. ಹೊಸ ಯಂತ್ರವನ್ನು ಕಂಡ ಮೊದಲ ಭಯದಲ್ಲಿ ಕಾನೂನು ಮಾಡಬಾರದು ಎಂಬುದಕ್ಕೆ ಇದು ಸಾಕ್ಷಿ.

ಆದರೂ ಭಯ ಹೋಗಲಿಲ್ಲ. ಡಿಜಿಟಲ್ ಟೇಪು ಬಂದಾಗ ಸಂಗೀತ ಕಂಪನಿಗಳು ಎಚ್ಚೆತ್ತವು. ಹಿಂದಿನ ಕ್ಯಾಸೆಟ್ಟಿನಲ್ಲಿ ನಕಲಿನ ನಕಲು ಮಾಡಿದಂತೆ ಧ್ವನಿ ಮಂಕಾಗುತ್ತಿತ್ತು. ಡಿಜಿಟಲಿನಲ್ಲಿ ನೂರನೆಯ ನಕಲೂ ಮೂಲದಷ್ಟೇ ಸ್ಪಷ್ಟ. ಅವರ ಆತಂಕ ನಿರಾಧಾರವಾಗಿರಲಿಲ್ಲ. 1992ರಲ್ಲಿ ಅಮೆರಿಕದ ಸಂಸತ್ತು ಮನೆಬಳಕೆಯ ಡಿಜಿಟಲ್ ಧ್ವನಿಮುದ್ರಣ ಯಂತ್ರಗಳಿಗೆ ಬೀಗವನ್ನು ಕಡ್ಡಾಯಗೊಳಿಸುವ ಕಾಯಿದೆ ಮಾಡಿತು. ಮೂಲದಿಂದ ನಕಲು ಮಾಡಬಹುದು, ನಕಲಿನಿಂದ ಮತ್ತೊಂದು ನಕಲು ಮಾಡಲಾಗದು ಎಂಬುದು ಆ ಬೀಗದ ನಿಯಮ. ಜೊತೆಗೆ ಯಂತ್ರದ ಬೆಲೆಯ ಮೇಲೆ ಶೇಕಡಾ 2, ಖಾಲಿ ಟೇಪಿನ ಮೇಲೆ ಶೇಕಡಾ 3ರಷ್ಟು ಹಣವನ್ನು ಸಂಗೀತದ ಹಕ್ಕುದಾರರ ನಿಧಿಗೆ ಸಲ್ಲಿಸಬೇಕೆಂದಾಯಿತು.

ಕೇಳುವುದಕ್ಕೆ ಇದು ನ್ಯಾಯವಾದ ರಾಜಿಯಂತೆಯೇ ಇದೆ. ಆದರೆ ಆ ಬೀಗದ ವರ್ತನೆಯನ್ನು ನೋಡಿ. ಮೈಕಿನ ಮೂಲಕ ನಾವೇ ಮುದ್ರಿಸಿದ ಧ್ವನಿಯನ್ನೂ ಅದು ಬೇರೆಯವರ ಸ್ವತ್ತೆಂದೇ ಭಾವಿಸುತ್ತಿತ್ತು. ಒಬ್ಬಳು ತಾಯಿ ತನ್ನ ಮಗಳ ಹಾಡನ್ನು ಅಂಥ ಯಂತ್ರದಲ್ಲಿ ಮುದ್ರಿಸಿ, ಒಂದು ಡಿಜಿಟಲ್ ನಕಲನ್ನು ಅಣ್ಣನಿಗೆ ಕೊಟ್ಟರೆ, ಅಣ್ಣನ ಆ ನಕಲಿನಿಂದ ಮತ್ತೊಂದು ಡಿಜಿಟಲ್ ನಕಲು ತೆಗೆಯಲು ಬೀಗ ಬಿಡುತ್ತಿರಲಿಲ್ಲ. ಹಾಡಿದವಳು ಆ ಮನೆಯ ಮಗಳೇ, ಹಕ್ಕೂ ಆ ಮನೆಯದೇ. ಆದರೆ ಯಂತ್ರಕ್ಕೆ ಅದನ್ನು ತಿಳಿಯುವ ಉಪಾಯವಿಲ್ಲ.

ನಮ್ಮ ಕಡೆಯ ಓದುಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಸರಗೋಡಿನ ಎಷ್ಟೋ ಮನೆಗಳ ಅಟ್ಟದಲ್ಲಿ ತಾಳಮದ್ದಳೆ, ಯಕ್ಷಗಾನ ಬಯಲಾಟಗಳ ಕ್ಯಾಸೆಟ್ಟುಗಳು ಇಂದಿಗೂ ಇವೆ. ಅಭಿಮಾನಿಯೊಬ್ಬರು ಚೌಕಿಯ ಬದಿಯಲ್ಲಿ ಟೇಪ್ ರೆಕಾರ್ಡರ್ ಹಿಡಿದು ರಾತ್ರಿಯಿಡೀ ಮುದ್ರಿಸಿದ್ದು, ಅವರಿಂದ ಪಕ್ಕದ ಮನೆಯವರು, ಆ ಮನೆಯಿಂದ ಅವರ ಭಾವ, ಭಾವನಿಂದ ಗಲ್ಫಿನಲ್ಲಿರುವ ಮಗ, ಹೀಗೆ ನಕಲಿನ ನಕಲಾಗಿ ಹರಡಿದ್ದು. ಮೂಲ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಹಾಳಾದ ಮೇಲೂ, ತೀರಿಹೋದ ಭಾಗವತರ ಸ್ವರ, ಹಿರಿಯ ಅರ್ಥಧಾರಿಗಳ ಮಾತು ನಮಗೆ ಉಳಿದಿದ್ದರೆ ಅದು ನಕಲಿನ ನಕಲಿನಿಂದ. ಆ ಕಾಲದ ಟೇಪ್ ರೆಕಾರ್ಡರಿನಲ್ಲಿ ಅಂಥ ಬೀಗವಿದ್ದಿದ್ದರೆ ಆ ಸರಪಳಿ ಎರಡನೆಯ ಮನೆಯಲ್ಲೇ ಕಡಿದುಹೋಗುತ್ತಿತ್ತು. ನಮ್ಮ ಕೃತಿಸ್ವಾಮ್ಯ ಕಾಯಿದೆಯ 39ನೆಯ ಪ್ರಕರಣವು, ತನ್ನ ಸ್ವಂತ ಬಳಕೆಗಾಗಿ ಅಥವಾ ನಿಜವಾದ ಬೋಧನೆ, ಸಂಶೋಧನೆಗಳಿಗಾಗಿ ಮಾತ್ರ ಮಾಡಿದ ಧ್ವನಿಮುದ್ರಣವು ಕಲಾವಿದನ ಪ್ರದರ್ಶನ ಹಕ್ಕಿನ ಉಲ್ಲಂಘನೆಯಲ್ಲವೆಂದು ಹೇಳುತ್ತದೆ. ಆ ಕ್ಯಾಸೆಟ್ಟುಗಳನ್ನು ಅಂಗಡಿಯಲ್ಲಿಟ್ಟು ಮಾರುವುದು ಬೇರೆ ಮಾತು. ಅದಕ್ಕೆ ಕಲಾವಿದರ ಅನುಮತಿ ಬೇಕು.

ಅಮೆರಿಕದ ಕಥೆಗೆ ಹಿಂತಿರುಗೋಣ. 1998ರಲ್ಲಿ ಅಲ್ಲಿ ಡಿಜಿಟಲ್ ಕೃತಿಸ್ವಾಮ್ಯದ ಹೊಸ ಕಾಯಿದೆ ಬಂದಿತು. ಬೀಗ ಒಡೆಯುವುದು, ಒಡೆಯುವ ಉಪಕರಣ ಮಾರುವುದು ಅಪರಾಧವಾಯಿತು. ಆದರೆ ಎಲ್ಲ ಉಪಕರಣಗಳ ತಯಾರಕರೂ ಇಂತಿಂಥ ಬೀಗಕ್ಕೆ ಸ್ಪಂದಿಸುವಂತೆ ಯಂತ್ರ ಮಾಡಲೇಬೇಕೆಂಬ ಕಡ್ಡಾಯವಿಲ್ಲವೆಂದು ಅದೇ ಕಾಯಿದೆ ಸ್ಪಷ್ಟಪಡಿಸಿತು. ಇದಕ್ಕಿದ್ದ ಅಪವಾದವೆಂದರೆ ಹಳೆಯ ಮಾದರಿಯ ವೀಡಿಯೊ ಕ್ಯಾಸೆಟ್ ರೆಕಾರ್ಡರ್. ಅದಕ್ಕೆ ಮಾತ್ರ ನಕಲು ತಡೆಯನ್ನು ಕಡ್ಡಾಯ ಮಾಡಿದರು.

ಚಿತ್ರೋದ್ಯಮಕ್ಕೆ ಇಷ್ಟು ಸಾಲಲಿಲ್ಲ. 2002ರ ಮಾರ್ಚಿಯಲ್ಲಿ ದಕ್ಷಿಣ ಕೆರೊಲಿನಾದ ಸೆನೆಟ್ ಸದಸ್ಯ, ವಾಣಿಜ್ಯ ಸಮಿತಿಯ ಅಧ್ಯಕ್ಷ ಫ್ರಿಟ್ಜ್ ಹಾಲಿಂಗ್ಸ್ ಒಂದು ಮಸೂದೆಯನ್ನು ಮಂಡಿಸಿದರು. ಗ್ರಾಹಕರ ಬ್ರಾಡ್‌ಬ್ಯಾಂಡ್ ಮತ್ತು ಡಿಜಿಟಲ್ ಟೆಲಿವಿಷನ್ ಪ್ರೋತ್ಸಾಹ ಎಂಬುದು ಅದರ ಹೆಸರು. ಬೀಗದ ಮಾತು ಹೆಸರಿನಲ್ಲಿ ಇರಲಿಲ್ಲ, ಹೊಟ್ಟೆಯಲ್ಲಿತ್ತು. ಡಿಜಿಟಲ್ ರೂಪದ ಕೃತಿಯನ್ನು ನಕಲಿಸುವ, ತೋರಿಸುವ, ರವಾನಿಸುವ ಯಾವುದೇ ಯಂತ್ರಾಂಶ ಅಥವಾ ತಂತ್ರಾಂಶದಲ್ಲಿ ಸರಕಾರ ಒಪ್ಪಿದ ರಕ್ಷಣಾ ವ್ಯವಸ್ಥೆ ಇರಲೇಬೇಕು. ಉದ್ಯಮದವರೂ ಗ್ರಾಹಕ ಸಂಘಗಳೂ ಕೂಡಿ ನಿಗದಿತ ಅವಧಿಯೊಳಗೆ ಅದರ ರೂಪವನ್ನು ಒಪ್ಪಿಕೊಳ್ಳದಿದ್ದರೆ ಸರಕಾರದ ಸಂಪರ್ಕ ಆಯೋಗವೇ ಅದನ್ನು ವಿಧಿಸುತ್ತದೆ ಎಂಬುದು ಮಸೂದೆಯ ಒಳಾರ್ಥ.

ಮಸೂದೆಯ ಪರವಾದ ವಾದವನ್ನು ನ್ಯಾಯವಾಗಿ ಮುಂದಿಡುತ್ತೇನೆ. ಅಂತರ್ಜಾಲದಲ್ಲಿ ಚಿತ್ರಗಳು ಕಳವಾಗುತ್ತಿದ್ದವು, ಅದು ಸುಳ್ಳಲ್ಲ. ರಕ್ಷಣೆಯಿಲ್ಲದೆ ಒಳ್ಳೆಯ ಚಿತ್ರಗಳನ್ನು ಡಿಜಿಟಲ್ ರೂಪದಲ್ಲಿ ಕೊಡಲು ಸಂಸ್ಥೆಗಳು ಹಿಂಜರಿಯುತ್ತವೆ, ಚಿತ್ರಗಳಿಲ್ಲದಿದ್ದರೆ ಜನರು ಹೊಸ ಟಿ.ವಿ., ವೇಗದ ಅಂತರ್ಜಾಲ ಕೊಳ್ಳುವುದಿಲ್ಲ ಎಂದು ಹಾಲಿಂಗ್ಸ್ ಅವರ ತರ್ಕ. ಅದೇ ವರ್ಷದ ಫೆಬ್ರವರಿಯಲ್ಲಿ ನಡೆದ ವಿಚಾರಣೆಯಲ್ಲಿ ಡಿಸ್ನಿಯ ಮುಖ್ಯಸ್ಥ ಮೈಕೆಲ್ ಐಸ್ನರ್, ಕಂಪ್ಯೂಟರ್ ಕಂಪನಿಗಳು ಕಳ್ಳ ನಕಲನ್ನೇ ತಮ್ಮ ಮಾರಾಟದ ಆಕರ್ಷಣೆ ಮಾಡಿಕೊಂಡಿವೆಯೆಂದು ಆರೋಪಿಸಿದರು. ಇಂಟೆಲ್ ಕಂಪನಿಯ ಪರವಾಗಿ ಲೆಸ್ಲೀ ವಡಾಸ್ ಸರಕಾರಿ ಕಡ್ಡಾಯವನ್ನು ವಿರೋಧಿಸಿದರು. ಕಂಪ್ಯೂಟರ್ ಎಂಬುದು ಸಿನಿಮಾ ನೋಡುವ ಪೆಟ್ಟಿಗೆಯಷ್ಟೇ ಅಲ್ಲ, ಲೆಕ್ಕ ಮಾಡುವ, ಬರೆಯುವ, ಕಲಿಯುವ ಸಾಧನ. ಅಕ್ಷರವನ್ನು ನಕಲಿಸದೆ ಅದು ಒಂದು ಕ್ಷಣವೂ ಕೆಲಸ ಮಾಡಲಾರದು. ಅಂಥದಕ್ಕೆ ಒಂದು ಉದ್ಯಮದ ಕಾವಲುಗಾರನನ್ನು ಕಡ್ಡಾಯವಾಗಿ ಕೂರಿಸಿದರೆ ಉಳಿದೆಲ್ಲ ಉಪಯೋಗಗಳೂ ಅವನ ಅಪ್ಪಣೆಗೆ ಒಳಪಡುತ್ತವೆ ಎಂಬ ಭೀತಿ ವಿರೋಧಿಗಳಲ್ಲಿತ್ತು. ನ್ಯಾಯ ಸಮಿತಿಯ ಅಧ್ಯಕ್ಷ ಪ್ಯಾಟ್ರಿಕ್ ಲೇಹಿಯವರೂ ಮಸೂದೆಯನ್ನು ಒಪ್ಪಲಿಲ್ಲ. ಅದು ಮತಕ್ಕೆ ಬಾರದೆಯೇ ಬಿದ್ದುಹೋಯಿತು.

ಮುಂದಿನ ಬಾಗಿಲನ್ನು ಸಂಸತ್ತಿನ ಬದಲು ಆಯೋಗದಲ್ಲಿ ತಟ್ಟಿದರು. 2003ರ ನವೆಂಬರಿನಲ್ಲಿ ಸಂಪರ್ಕ ಆಯೋಗವು ಬ್ರಾಡ್‌ಕಾಸ್ಟ್ ಫ್ಲ್ಯಾಗ್ ಎಂಬ ನಿಯಮ ಹೊರಡಿಸಿತು. ಪ್ರಸಾರವಾಗುವ ಡಿಜಿಟಲ್ ಕಾರ್ಯಕ್ರಮದೊಳಗೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. 2005ರ ಜುಲೈ 1ರ ಬಳಿಕ ಬರುವ ಪ್ರತಿಯೊಂದು ಡಿಜಿಟಲ್ ಟಿ.ವಿ. ಗ್ರಾಹಕವೂ ಆ ಗುರುತನ್ನು ಓದಿ, ಅಂತರ್ಜಾಲದ ಮೂಲಕ ಮರುಹಂಚಿಕೆಯನ್ನು ತಡೆಯಬೇಕು.

ಇದರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದವರಲ್ಲಿ ಮುಂದಾಳು ಯಾರು ಗೊತ್ತೇ? ಅಮೆರಿಕದ ಗ್ರಂಥಾಲಯಗಳ ಸಂಘ. "ನಿಮಗೇನು ಹಾನಿ?" ಎಂದು ನ್ಯಾಯಾಲಯ ಕೇಳಿದಾಗ ಅವರು ಕೊಟ್ಟ ನಿದರ್ಶನಗಳಲ್ಲಿ ನ್ಯಾಯಾಲಯದ ಮನಸ್ಸಿಗೆ ನಾಟಿದ್ದು ಒಂದು ಶಿಕ್ಷಣದ ನಿದರ್ಶನ. ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾನಿಲಯದ ಗ್ರಂಥಾಲಯವು, ಪ್ರಸಾರವಾದ ಕಾರ್ಯಕ್ರಮಗಳ ತುಣುಕುಗಳನ್ನು ದೂರದಿಂದ ಕಲಿಯುವ ವಿದ್ಯಾರ್ಥಿಗಳಿಗೆ ಅಂತರ್ಜಾಲದ ಮೂಲಕ ತಲುಪಿಸಲು ಅಧ್ಯಾಪಕರಿಗೆ ನೆರವಾಗುತ್ತಿತ್ತು. ಫ್ಲ್ಯಾಗ್ ಬಂದರೆ ಆ ಪಾಠ ನಿಂತುಹೋಗುತ್ತದೆ. ವಾದದ ವೇಳೆ ನ್ಯಾಯಾಧೀಶ ಹ್ಯಾರಿ ಎಡ್ವರ್ಡ್ಸ್, ಹೀಗೇ ಮುಂದುವರಿದರೆ ನಾಳೆ ಬಟ್ಟೆ ಒಗೆಯುವ ಯಂತ್ರವನ್ನೂ ನಿಯಂತ್ರಿಸುತ್ತೀರಾ ಎಂದು ಆಯೋಗದ ವಕೀಲರನ್ನು ಪ್ರಶ್ನಿಸಿದರು. 2005ರ ಮೇ 6ರಂದು, ನಿಯಮ ಜಾರಿಗೆ ಬರಲು ಎರಡು ತಿಂಗಳೂ ಉಳಿದಿರದಾಗ, ಮೂವರು ನ್ಯಾಯಾಧೀಶರ ಪೀಠ ಅದನ್ನು ಒಮ್ಮತದಿಂದ ರದ್ದುಗೊಳಿಸಿತು. ಪ್ರಸಾರದ ಮೇಲೆ ಆಯೋಗಕ್ಕೆ ಅಧಿಕಾರವುಂಟು. ಪ್ರಸಾರ ಮನೆಗೆ ಬಂದು ಮುಟ್ಟಿದ ಮೇಲೆ ಮನೆಯ ಯಂತ್ರ ಅದನ್ನು ಏನು ಮಾಡಬೇಕೆಂದು ಹೇಳುವ ಅಧಿಕಾರವನ್ನು ಸಂಸತ್ತು ಆಯೋಗಕ್ಕೆ ಕೊಟ್ಟಿಲ್ಲ ಎಂದಿತು ತೀರ್ಪು. 2011ರಲ್ಲಿ ಆಯೋಗವೇ ಆ ಸತ್ತ ನಿಯಮವನ್ನು ತನ್ನ ಪುಸ್ತಕದಿಂದ ತೆಗೆದುಹಾಕಿತು.

ಹಾಗಾದರೆ ನಮ್ಮ ಶಾಲೆಯ ಪರದೆ ಕಪ್ಪಾದದ್ದು ಹೇಗೆ? ಸರಕಾರದ ಕಡ್ಡಾಯ ಸೋತ ಜಾಗದಲ್ಲಿ ಕಂಪನಿಗಳ ಒಪ್ಪಂದ ಗೆದ್ದಿತು. ಸಿನಿಮಾದವರ ಷರತ್ತನ್ನು ಯಂತ್ರದವರು ಒಪ್ಪಿದರು; ಪರವಾನಿಗೆ ಪತ್ರಗಳ ಮೂಲಕ ಬೀಗ ಒಂದೊಂದೇ ಯಂತ್ರದೊಳಗೆ ಸೇರಿಕೊಂಡಿತು. ಆ ಯಂತ್ರಗಳೇ ನಮ್ಮ ಪೇಟೆಗೂ ಬಂದವು. ಗಲ್ಫಿನಿಂದ ಡಿವಿಡಿ ಪ್ಲೇಯರ್ ತಂದ ಮನೆಯವರಿಗೆ ಇದರ ಅನುಭವ ಮೊದಲೇ ಆಗಿರಬಹುದು. ಡಿವಿಡಿಗಳಿಗಾಗಿ ಜಗತ್ತನ್ನು ವಲಯಗಳಾಗಿ ಹಂಚಿದ್ದರು: ಗಲ್ಫ್ 2ನೆಯ ವಲಯ, ಭಾರತ 5ನೆಯದು. 5ನೆಯ ವಲಯಕ್ಕೆ ಮಾತ್ರ ಎಂದು ಗುರುತು ಮಾಡಿದ ಡಿಸ್ಕು, 2ನೆಯ ವಲಯದ ಪ್ಲೇಯರಿನಲ್ಲಿ ಓಡುವುದಿಲ್ಲ. ಡಿಸ್ಕನ್ನೂ ಪ್ಲೇಯರನ್ನೂ ಹಣ ಕೊಟ್ಟೇ ಕೊಂಡಿದ್ದರೂ ಅಷ್ಟೇ. ಮಸೂದೆಯಾಗಿದ್ದರೆ ಸಂಸತ್ತಿನಲ್ಲಿ ಪ್ರಶ್ನಿಸಬಹುದು, ನಿಯಮವಾಗಿದ್ದರೆ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಕಂಪನಿಗಳು ತಮ್ಮೊಳಗೆ ಮಾಡಿಕೊಂಡ ಒಪ್ಪಂದವನ್ನು ಪ್ರಶ್ನಿಸಲು ಗ್ರಾಹಕನಿಗೆ ಸ್ಥಳವೇ ಇಲ್ಲ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಅಮೆರಿಕಕ್ಕಿಂತ ಸಮತೋಲನದ ದಾರಿ ಹಿಡಿದಿದೆ ಎಂಬುದು ನನ್ನ ಅಭಿಪ್ರಾಯ. 2012ರ ತಿದ್ದುಪಡಿಯಿಂದ ಸೇರಿದ 65ಎ ಪ್ರಕರಣದ ಪ್ರಕಾರ, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗವನ್ನು ಭೇದಿಸಿದವನಿಗೆ ಎರಡು ವರ್ಷದವರೆಗೆ ಸೆರೆಮನೆ ಮತ್ತು ದಂಡ. "ಉದ್ದೇಶದಿಂದ" ಎಂಬ ಪದಕ್ಕೆ ಒತ್ತು ಕೊಟ್ಟು ಓದಬೇಕು. ಕಾಯಿದೆಯು ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕಾಗಿ ಮಾಡಿದ ಕೆಲಸಕ್ಕೆ ಆ ಪ್ರಕರಣ ಅಡ್ಡಿಯಾಗದು. ಆದರೆ ಅಂಥ ಕೆಲಸದಲ್ಲಿ ಇನ್ನೊಬ್ಬರಿಗೆ ನೆರವಾಗುವವನು, ನೆರವು ಪಡೆದವರ ಹೆಸರು, ವಿಳಾಸ, ಉದ್ದೇಶ ಮೊದಲಾದ ವಿವರಗಳ ಪೂರ್ಣ ದಾಖಲೆ ಇಟ್ಟಿರಬೇಕು. ಪ್ರತಿಯೊಂದು ಯಂತ್ರದಲ್ಲೂ ಬೀಗವಿರಬೇಕೆಂಬ ಕಡ್ಡಾಯ ನಮ್ಮ ಕೃತಿಸ್ವಾಮ್ಯ ಕಾಯಿದೆಯಲ್ಲಿಲ್ಲ.

ಆದರೆ ಒಂದು ಕೊರತೆ ಇದೆ. ಬೀಗದಿಂದಾಗಿ ನ್ಯಾಯವಾದ ಬಳಕೆಯೂ ಅಸಾಧ್ಯವಾದಾಗ, ಕೀಲಿ ಕೊಡೆಂದು ಕೃತಿಯ ಒಡೆಯನನ್ನು ಒತ್ತಾಯಿಸುವ ದಾರಿಯನ್ನು ನಮ್ಮ ಕಾಯಿದೆ ತೋರಿಸಿಲ್ಲ. ಬಾಗಿಲು ನಿಮ್ಮದೇ ಎನ್ನುತ್ತದೆ ಕಾನೂನು. ತೆರೆಯುವುದು ಹೇಗೆಂದು ಹೇಳುವುದಿಲ್ಲ. ಈ ಕೊರತೆಯ ನೋವು ಮೊದಲು ತಟ್ಟುವುದು ದೃಷ್ಟಿಹೀನ ಮಕ್ಕಳಿಗೆ. 52(1)(ಜೆಡ್‌ಬಿ) ಉಪಖಂಡದ ಪ್ರಕಾರ, ಅಂಗವಿಕಲರು ಬಳಸಬಲ್ಲ ರೂಪಕ್ಕೆ ಯಾವುದೇ ಕೃತಿಯನ್ನು ಲಾಭದ ಉದ್ದೇಶವಿಲ್ಲದೆ ಬದಲಾಯಿಸಿ ಕೊಡಬಹುದು. ದೃಷ್ಟಿಹೀನರಿಗೆ ಪುಸ್ತಕ ದೊರಕಿಸುವ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು ಎಂಬುದು ಹೆಮ್ಮೆಯ ವಿಷಯ. ಆದರೆ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಇ-ಪುಸ್ತಕದ ಬೀಗ ತಡೆದರೆ, ಆ ಮಗುವಿಗೆ ಹೆಮ್ಮೆಯಿಂದ ಏನು ಪ್ರಯೋಜನ? ಅಮೆರಿಕದಲ್ಲಿ ಮೂರು ವರ್ಷಕ್ಕೊಮ್ಮೆ ಅರ್ಜಿ ಹಾಕಿ ಇಂಥ ವಿನಾಯಿತಿಗಳನ್ನು ಕೇಳಿ ಪಡೆಯುವ ಪದ್ಧತಿಯಿದೆ. ಓದಿ ಹೇಳದ ಇ-ಪುಸ್ತಕಗಳ ಬೀಗ ತೆರೆಯಲು 2003ರಲ್ಲಿ ಹಾಗೆ ವಿನಾಯಿತಿ ದೊರೆಯಿತು. ಅದನ್ನೂ ಮತ್ತೆ ಮತ್ತೆ ನವೀಕರಿಸಬೇಕು. ನಮ್ಮಲ್ಲಿ ಅರ್ಜಿ ಹಾಕುವ ಕಿಟಕಿಯೂ ಇಲ್ಲ.

ಬೀಗವನ್ನು ಕಡ್ಡಾಯಗೊಳಿಸುವ ವಾದವನ್ನು ನಾನು ಒಪ್ಪದಿರುವುದಕ್ಕೆ ಕಾರಣ ಇದು: ಕೃತಿಸ್ವಾಮ್ಯ ಎಂಬುದು ಒಂದೇ ಸಾಲಿನ ಆಜ್ಞೆಯಲ್ಲ. ಅದರಲ್ಲಿ ಒಡೆಯನ ಹಕ್ಕಿದೆ. ಅದರ ಪಕ್ಕದಲ್ಲೇ ಶಿಕ್ಷಕ, ವಿದ್ಯಾರ್ಥಿ, ಗ್ರಂಥಾಲಯ, ವಿಮರ್ಶಕ, ಅಂಗವಿಕಲ ಇವರೆಲ್ಲರ ಹಕ್ಕೂ ಇದೆ. ದೆಹಲಿ ವಿಶ್ವವಿದ್ಯಾನಿಲಯದ ಆವರಣದ ಫೋಟೊಕಾಪಿ ಅಂಗಡಿಯ ಮೇಲೆ ಮೂರು ದೊಡ್ಡ ಪ್ರಕಾಶನ ಸಂಸ್ಥೆಗಳು 2012ರಲ್ಲಿ ಹೂಡಿದ ದಾವೆಯನ್ನು 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟು ವಜಾಗೊಳಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಿಭಾಗೀಯ ಪೀಠವು ಕೆಲವು ವಾಸ್ತವಾಂಶಗಳ ವಿಚಾರಣೆ ಬಾಕಿಯಿದೆಯೆಂದರೂ, ಬೋಧನೆಗೆ ಅಗತ್ಯವಿರುವಷ್ಟನ್ನು ನಕಲಿಸಬಹುದೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಎಷ್ಟು ಪುಟ, ಯಾರಿಗಾಗಿ, ಯಾವ ಉದ್ದೇಶಕ್ಕೆ ಎಂಬುದನ್ನು ನಿರ್ಧರಿಸಲು ಅಲ್ಲಿ ನ್ಯಾಯಾಧೀಶರಿಗೆ ವರ್ಷಗಳೇ ಬೇಕಾದವು. ಅದನ್ನು ಅರೆಗಳಿಗೆಯಲ್ಲಿ ನಿರ್ಧರಿಸುವ ಶಕ್ತಿ ತಂತಿಯೊಳಗಿನ ಬೀಗಕ್ಕೆ ಇಲ್ಲ. ಅದಕ್ಕೆ ಕಳ್ಳನೂ ಒಂದೇ, ಮಾಸ್ಟ್ರೂ ಒಂದೇ. ಕಳ್ಳನಿಗೆ ಬೀಗ ಒಡೆಯುವ ದಾರಿ ಗೊತ್ತಿರುತ್ತದೆ. ಮಾಸ್ಟ್ರು ಚಾಪೆಯ ಮೇಲೆ ಕುಳಿತ ಮಕ್ಕಳ ಮುಖ ನೋಡುತ್ತಾ ನಿಲ್ಲುತ್ತಾರೆ.

ಇಷ್ಟು ಬರೆದವನು ಇನ್ನೊಂದು ಮಾತನ್ನೂ ಬರೆಯಬೇಕು. ನಮ್ಮ ಹೆತ್ತವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಚೆಗೆ ಪ್ರಕಟವಾದ ಕನ್ನಡ ಪುಸ್ತಕಗಳ ಪಿಡಿಎಫ್ ಇಡಿಯಾಗಿ ಹರಿದಾಡುತ್ತದೆ. "ಕನ್ನಡದ ಸೇವೆ" ಎಂಬ ಟಿಪ್ಪಣಿಯೂ ಜೊತೆಗಿರುತ್ತದೆ. ಕೆಲವೇ ನೂರು ಪ್ರತಿ ಅಚ್ಚು ಹಾಕಿಸಿ, ಅದು ಖರ್ಚಾಗಲು ವರ್ಷಗಟ್ಟಲೆ ಕಾಯುವ ಕನ್ನಡ ಪ್ರಕಾಶಕನ ಜೇಬಿಗೆ ಅದು ನೇರವಾಗಿ ಕೈ ಹಾಕುವ ಕೆಲಸ. ಪಾಠಕ್ಕಾಗಿ ನಾಲ್ಕು ಪುಟ ನಕಲಿಸುವುದಕ್ಕೂ ಪುಸ್ತಕವನ್ನೇ ಸಾವಿರ ಜನರಿಗೆ ಕಳುಹಿಸುವುದಕ್ಕೂ ಇರುವ ಅಂತರವನ್ನು ನಾವೇ ಕಾಯ್ದುಕೊಳ್ಳದಿದ್ದರೆ, ಬೀಗ ಬೇಕೆನ್ನುವವರ ಬಾಯಿ ಮುಚ್ಚಿಸುವುದು ಹೇಗೆ? ಬೀಗ ಬೇಡವೆನ್ನುವವನಿಗೆ ಮೊದಲು ಸ್ವಂತ ಕೈಯ ಮೇಲೆ ಹಿಡಿತ ಇರಬೇಕು.

ಶಾಲೆಗಳಿಗೂ ಸಂಘಗಳಿಗೂ ಕೆಲವು ವ್ಯಾವಹಾರಿಕ ಸೂಚನೆಗಳು. ಪ್ರೊಜೆಕ್ಟರ್, ಟಿ.ವಿ. ಕೊಳ್ಳುವಾಗ ನೀವು ಬಳಸಲಿರುವ ಲ್ಯಾಪ್‌ಟಾಪನ್ನೇ ಅಂಗಡಿಗೆ ಒಯ್ದು, ತೋರಿಸಬೇಕೆಂದಿರುವ ಬಗೆಯ ಚಿತ್ರವನ್ನೇ ಹಾಕಿ ಪರೀಕ್ಷಿಸಿ. ದೇಣಿಗೆಯಾಗಿ ಬರುವ ಹಳೆಯ ಯಂತ್ರವಾದರೆ ಈ ಪರೀಕ್ಷೆ ಇನ್ನೂ ಮುಖ್ಯ. ಖರೀದಿಯ ರಶೀದಿ, ಚಂದಾದ ಷರತ್ತು ಇವುಗಳ ಪ್ರತಿಯನ್ನು ಶಾಲೆಯ ಕಡತದಲ್ಲಿಡಿ. ಚಿತ್ರ ತೋರಿಸುವಾಗ ಪ್ರೇಕ್ಷಕರನ್ನು ಶಾಲೆಯವರಿಗೆ ಮತ್ತು ಹೆತ್ತವರಿಗೆ ಸೀಮಿತಗೊಳಿಸಿ. ಟಿಕೆಟ್ ಇಟ್ಟು ಊರಿಗೆಲ್ಲ ತೋರಿಸಿದರೆ ಕಾಯಿದೆಯ ಆಶ್ರಯ ತಪ್ಪುತ್ತದೆ. ಕನ್ನಡ ಚಿತ್ರದ ನಿರ್ಮಾಪಕರಿಗೆ, ಪುಸ್ತಕದ ಪ್ರಕಾಶಕರಿಗೆ ಒಂದು ಪತ್ರ ಬರೆದು ಕೇಳಿ. ಗಡಿಯಾಚೆಯ ಕನ್ನಡ ಶಾಲೆಯೆಂದು ತಿಳಿದರೆ ಪ್ರತಿಯೊಂದನ್ನು ಸಂತೋಷದಿಂದ ಕಳುಹಿಸುವವರು ಇದ್ದಾರೆ. ದೃಷ್ಟಿಹೀನ ಮಗುವಿಗಾಗಿ ಪಠ್ಯವನ್ನು ಧ್ವನಿರೂಪಕ್ಕೆ ತರುವುದಾದರೆ, ಯಾರಿಗಾಗಿ, ಯಾವ ಪುಸ್ತಕ, ಎಂದು ಎಂಬ ದಾಖಲೆ ಇಟ್ಟುಕೊಳ್ಳಿ, ಭಯಪಡಬೇಡಿ. ಅಟ್ಟದ ಮೇಲಿನ ಯಕ್ಷಗಾನದ ಕ್ಯಾಸೆಟ್ಟುಗಳನ್ನು ಈ ಮಳೆಗಾ‌ಲಕ್ಕೆ ಮುನ್ನ ಕೆಳಗಿಳಿಸಿ, ಓಡುವ ಯಂತ್ರ ಇನ್ನೂ ಸಿಗುವಾಗಲೇ ನಕಲು ಮಾಡಿಸಿಕೊಳ್ಳಿ.

ಅಂದು ಶಾಲೆಯಲ್ಲಿ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಮಾಸ್ಟ್ರು ಪ್ರೊಜೆಕ್ಟರನ್ನು ಆರಿಸಿ, ಎರಡು ಬೆಂಚುಗಳನ್ನು ಒಂದರ ಮೇಲೊಂದಿಟ್ಟು ಅದರ ಮೇಲೆ ಲ್ಯಾಪ್‌ಟಾಪನ್ನು ಇರಿಸಿದರು. ಚಿಕ್ಕ ತರಗತಿಯವರು ಮೊದಲು, ದೊಡ್ಡವರು ಆಮೇಲೆ, ಎರಡು ಸರದಿಯಲ್ಲಿ ಮಕ್ಕಳು ಒತ್ತೊತ್ತಾಗಿ ಕುಳಿತು ಚಿತ್ರ ನೋಡಿದರು. ಹೆತ್ತವರು ಹಿಂದೆ ನಿಂತು ಧ್ವನಿ ಮಾತ್ರ ಕೇಳಿದರು. ಮಾಸ್ಟ್ರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ನೀವು ತಪ್ಪು ಮಾಡಲಿಲ್ಲ ಮಾಸ್ಟ್ರೇ. ಮುಂದಿನ ವರ್ಷದ ಸಭೆಗೆ ಮುನ್ನ ಒಂದು ಹೊಸ ಪ್ರೊಜೆಕ್ಟರಿಗಾಗಿ ಸಂಘದಲ್ಲಿ ಠರಾವು ಮಾಡೋಣ. ನನ್ನ ಪಾಲಿನ ಹಣವನ್ನು ಈಗಲೇ ಬರೆದುಕೊಳ್ಳಿ.